ಎತ್ತರದ ನೆಪ ಬೇಡ
ದಾವಣಗೆರೆಯ ನಮ್ಮ ಕಾಲೇಜು ತಂಡ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೋಲುವುದು ಹುಡುಗರ ಎತ್ತರ ಕಡಿಮೆ ಅಂತ ಬರೆದಿದ್ದೀರಿ. ಒಪ್ಪುವುದಿಲ್ಲ ಸರ್. ಎದುರಾಳಿ ಶಾಟ್ ಹೊಡೆದ ಕೂಡಲೇ ನಮ್ಮ ಐದೂ ಜನ ತೇರು ನೋಡುವವರ ಹಾಗೆ ಕತ್ತೆತ್ತಿ ಚೆಂಡನ್ನೇ ನೋಡುತ್ತಾ ನಿಲ್ಲುತ್ತಾರೆ. ಪಕ್ಕದಲ್ಲಿರುವ ಎದುರಾಳಿಗೆ ಬೆನ್ನು ಕೊಟ್ಟು ತಡೆಯುವವರೇ ಇಲ್ಲ. ರೀಬೌಂಡ್, ಅಂದರೆ ಗುರಿ ತಪ್ಪಿ ರಿಂಗ್‌ಗೆ ಬಡಿದು ಬಂದ ಚೆಂಡು, ಅವರ ಕೈಗೇ ಹೋದರೆ ಶಾಟ್ ಹೊಡೆಯಲು ಇರುವ ಸಮಯ ಎಣಿಸುವ ಶಾಟ್ ಕ್ಲಾಕ್‌ನಲ್ಲಿ ಮತ್ತೆ 14 ಸೆಕೆಂಡ್ ಸಿಗುತ್ತದೆ, ಅಷ್ಟು ಹೊತ್ತು ತಡೆದಿದ್ದೆಲ್ಲ ದಂಡ. ಜೊತೆಗೆ, ಕಾಲು ಸರಿಸುವುದು ಬಿಟ್ಟು ಸುಮ್ನೆ ಕೈ ಹಾಕುವ ಚಟ ಬೇರೆ! ಒಂದು ಕ್ವಾರ್ಟರ್‌ನಲ್ಲಿ (ಪಂದ್ಯದ ಕಾಲು ಭಾಗ) ತಂಡದ ಫೌಲ್ 4 ಆದ ಮೇಲೆ ಹೀಗೆ ಕೈ ಹಾಕಿ ಫೌಲ್ ಮಾಡಿದಾಗಲೆಲ್ಲ ಅವರಿಗೆ 2 ಫ್ರೀ ಥ್ರೋ, ಯಾರೂ ಅಡ್ಡ ಬರದ ಶಾಟ್. ಇದಕ್ಕೂ ಎತ್ತರಕ್ಕೂ ಏನು ಸಂಬಂಧ? ಶೂಟಿಂಗ್ ಪ್ರಾಕ್ಟೀಸ್ ಬೇಕಾದಷ್ಟು ನಡೆಯುತ್ತದೆ. ಡಿಫೆನ್ಸ್ ಡ್ರಿಲ್ ಅಂದರೆ ಮಾತ್ರ ಹುಡುಗರು ಮುಖ ಸಿಂಡರಿಸುತ್ತಾರೆ, ಕೋಚ್ ಕೂಡ ಹೋಗಲಿ ಅಂತ ಬಿಟ್ಟುಬಿಡುತ್ತಾರೆ.