ಮೈಮೇಲೆ ಹಾರುವ ಪುಕ್ಕಲ

ನೆಲಮಾಳಿಗೆಯಲ್ಲಿ ಹಳೇ ರಟ್ಟಿನ ಡಬ್ಬ ಸರಿಸಿದೆ. ಹಿಂದಿನ ಗೋಡೆಯ ಮೇಲೆ ದೊಡ್ಡ ಜೇಡ! ಕಸಬರಿಗೆ ಎತ್ತಿದ್ದೇ ತಡ, ಅದು ಸೀದಾ ನನ್ನ ಎದೆಗೇ ಹಾರಿತು. ಜೇಡ ಹೀಗೆ ಹಾರುವುದಿಲ್ಲ ಅಲ್ವಾ? ಕಸಬರಿಗೆ ಬಿಸಾಕಿ ನಾನೂ ಹಾರಿದೆ.

ಟಾರ್ಚ್ ತಂದು ನೋಡಿದರೆ ಕಾಲು ಆರೇ. ಮಿಡತೆಯ ಬಳಗ. ಬೆನ್ನು ಬಿಲ್ಲಿನ ಹಾಗೆ ಬಾಗಿದೆ. ಈ ಗೂನಿನಿಂದಲೇ ಕ್ಯಾಮೆಲ್ ಕ್ರಿಕೆಟ್ ಅಂತ ಹೆಸರು. ಒಂಟೆ ಮಿಡತೆ ಅನ್ನಿ. ಹಿಂಗಾಲು ಮಾರುದ್ದ, ಮೀಸೆ ಅದಕ್ಕಿಂತ ಉದ್ದ. ಆ ಮೀಸೆ ಕತ್ತಲಲ್ಲಿ ಗೋಡೆಯನ್ನು ತಡವುತ್ತಲೇ ಇತ್ತು.

ಇದರ ನೆಂಟರು ರಾತ್ರಿಯೆಲ್ಲ ಕಿರ್ರೆನ್ನುವುದು ರೆಕ್ಕೆ ಉಜ್ಜಿ. ಇದಕ್ಕೆ ರೆಕ್ಕೆಯೇ ಇಲ್ಲ, ಹಾಡೆಲ್ಲಿಂದ ಬರಬೇಕು? ಅವುಗಳಿಗೆ ಮುಂಗಾಲಲ್ಲಿ ಕಿವಿ ಇರುತ್ತದೆ, ಇದಕ್ಕೆ ಅದೂ ಇಲ್ಲ. ನಾನು ಕಿರುಚಿದ್ದೆಲ್ಲ ದಂಡ. ವಿಷವಿಲ್ಲ, ಕುಟುಕುವುದಿಲ್ಲ. ಹೆದರಿದಾಗ ಎದುರಿಗಿರುವವರ ಕಡೆಗೇ ನೆಗೆದುಬಿಡುವುದು, ಅಷ್ಟೇ ಅದರ ಉಪಾಯ. ನನ್ನ ಮಟ್ಟಿಗೆ ಉಪಾಯ ಚೆನ್ನಾಗಿಯೇ ಫಲಿಸಿತು.

ತಂಪು, ತೇವ, ಕತ್ತಲೆ. ಈ ಮೂರಿದ್ದರೆ ಗುಹೆಯಾದರೂ ಸರಿ, ಟೊಳ್ಳು ದಿಮ್ಮಿಯಾದರೂ ಸರಿ. ಸಾಲ ಮಾಡಿ ಕಟ್ಟಿಸಿದ ನೆಲಮಾಳಿಗೆಯೂ ಅದರ ಲೆಕ್ಕದಲ್ಲಿ ಒಂದು ಗುಹೆ. ಏಷ್ಯಾದ ಒಂದು ಜಾತಿ ಹೀಗೇ ಅಮೆರಿಕದ ಮನೆಗಳನ್ನು ಹೊಕ್ಕಿದೆ. ಅಲ್ಲಿನ ಸ್ವಂತ ಜಾತಿಗಿಂತ ಮನೆಗಳಲ್ಲಿ ಇದೇ ಜಾಸ್ತಿ ಅಂತ 2014ರ ಅಧ್ಯಯನವೊಂದು ತೋರಿಸಿತು.

ನಿಜವಾದ ಗುಹೆಯಲ್ಲಿ ಇದರ ಗತ್ತೇ ಬೇರೆ. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯ ಮಿಡತೆಗಳು ರಾತ್ರಿ ಹೊರಗೆ ಬಂದು ಹೊಟ್ಟೆ ತುಂಬಿಸಿಕೊಂಡು ಒಳಗೆ ಹೋಗುತ್ತವೆ. ಬಿಸಿಲು ಕಾಣದ ಆ ಕತ್ತಲಲ್ಲಿ ಹಸಿರು ಬೆಳೆಯುವುದಿಲ್ಲ. ಹಾಗಾಗಿ ಎಷ್ಟೋ ಸಣ್ಣ ಜೀವಿಗಳಿಗೆ ಇವು ಹಾಕಿದ ಹಿಕ್ಕೆಯೇ ಊಟ. ಮರಳಲ್ಲಿ ಇಟ್ಟ ಮೊಟ್ಟೆಯನ್ನು ಕಣ್ಣಿಲ್ಲದ ಜೀರುಂಡೆಯೊಂದು ಅಗೆದು ತಿನ್ನುತ್ತದೆ. ಪಾಪ, ಹೊರಗಿಂದ ದಿನಸಿ ಹೊತ್ತು ತಂದವರ ಮನೆಗೇ ಕನ್ನ!

ಫ್ರಾನ್ಸಿನ ಪಿರನೀಸ್ ಬೆಟ್ಟಸಾಲಿನ ಗುಹೆಯೊಂದರಲ್ಲಿ ಬೈಸನ್ ಎಲುಬಿನ ತುಂಡೊಂದು ಸಿಕ್ಕಿದೆ. ಅದರ ಮೇಲೆ ಈ ಗೂನುಬೆನ್ನಿನ ಕೀಟವನ್ನು ಶಿಲಾಯುಗದವರು ಯಾರೋ ಕೆತ್ತಿದ್ದಾರೆ. ಅವರ ಎದೆಗೂ ಹಾರಿತ್ತೋ ಏನೋ.

ತೇವ ಆರಿಸಿದರೆ ಇವು ತಾವಾಗಿಯೇ ಜಾಗ ಖಾಲಿ ಮಾಡುತ್ತವಂತೆ. ಗೋಡೆಯ ಸೋರಿಕೆ ರಿಪೇರಿಯಾಗುವ ತನಕ ಇರಲಿ ಅಂತ ಡಬ್ಬವನ್ನು ಮೊದಲಿದ್ದ ಜಾಗಕ್ಕೇ ತಳ್ಳಿ ಬಂದೆ. ಕಸಬರಿಗೆ ಇನ್ನೂ ಅಲ್ಲೇ ಬಿದ್ದಿದೆ.