15 ವರ್ಷ ಆದ ಕಾರು ಗುಜರಿಗೇ ಹೋಗಬೇಕಿಲ್ಲ: ಸ್ಪಷ್ಟನೆ

‘15 ವರ್ಷ ತುಂಬಿದ ಕಾರನ್ನು ಕರ್ನಾಟಕದಲ್ಲೂ ಗುಜರಿಗೆ ಹಾಕಲೇಬೇಕು’ ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಗಾಬರಿಯಾಗಿ ಒಳ್ಳೆಯ ಕಾರನ್ನು ಸುಮ್ನೆ ಕಡಿಮೆ ರೇಟಿಗೆ ಕೊಟ್ಟುಬಿಡಬೇಡಿ.

ಪೆಟ್ರೋಲ್ ಕಾರಿಗೆ 15, ಡೀಸೆಲ್‌ಗೆ 10 ವರ್ಷದ ಮಿತಿ ಹಾಕಿದ್ದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ. 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದೂ ಅದನ್ನೇ. ನಮ್ಮಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಅಷ್ಟೇ. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಮತ್ತೆ 5 ವರ್ಷಕ್ಕೆ ನವೀಕರಣ ಆಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಜಾಸ್ತಿ ಕಿಲೋಮೀಟರ್ ಓಡಿದೆ ಅಂತ ಯಾರೂ ತಡೆಯುವುದಿಲ್ಲ. ಬ್ರೇಕ್, ಲೈಟ್, ಹೊಗೆ ಸರಿ ಇರಬೇಕು.

ಹೋಗುವ ಮುಂಚೆ ಗ್ಯಾರೇಜಿನಲ್ಲಿ ಕಾರು ಎತ್ತಿಸಿ ತಳ ನೋಡಿ. ಸ್ಕ್ರೂಡ್ರೈವರ್‌ನಿಂದ ಕುಟ್ಟಿದಾಗ ಟಣ್ ಅನ್ನಬೇಕು. ಪುಡಿ ಉದುರಿದರೆ ತುಕ್ಕು ಒಳಗಿಳಿದಿದೆ, ವೆಲ್ಡಿಂಗ್ ಮಾಡಿಸಿಯೇ ಹೋಗಿ.