ಹನ್ನೆರಡು ದಿನಕ್ಕೆ ಮೂರೇ ಊರು

ಬರುವ ಮೇ ತಿಂಗಳಿನಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನ ಯಜಮಾನರು, 9ನೆಯ ತರಗತಿ ಮುಗಿಸಿದ ಮಗಳು ಮತ್ತು 68 ವರ್ಷದ ನನ್ನ ಅಮ್ಮ, ಇಟಲಿಗೆ ಹೋಗಿಬರುವುದೆಂದು ನಿಶ್ಚಯವಾಗಿದೆ. ಕಾಸರಗೋಡಿನವರಾದ ನಮಗೆ ವಿದೇಶವೆಂಬುದು ಹೊಸ ಮಾತಲ್ಲ. ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಒಬ್ಬರಾದರೂ ದುಡಿಯದ ಕುಟುಂಬ ನಮ್ಮ ನೆರೆಕರೆಯಲ್ಲಿ ಕಡಿಮೆ. ಕಳುಹಿಸಿಕೊಡಲು, ಕರೆತರಲು ಓಡಾಡಿ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯ ದಾರಿ ನಮ್ಮೆಲ್ಲರಿಗೂ ಪರಿಚಿತ. ಆದರೆ ಅವೆಲ್ಲ ದುಡಿಮೆಯ ಪ್ರಯಾಣಗಳು, ಒಂದೇ ಊರಿಗೆ ಹೋಗಿ ವರ್ಷಗಟ್ಟಲೆ ಇದ್ದು ಮರಳುವಂಥವು. ನೋಡುವುದಕ್ಕಾಗಿಯೇ, ಅದೂ ಹಲವು ಊರುಗಳನ್ನು ಕೆಲವೇ ದಿನಗಳಲ್ಲಿ ನೋಡುವುದಕ್ಕಾಗಿ ಹೊರಟ ಅನುಭವವಿರುವ ಯಾರೂ ನಮ್ಮ ಬಳಗದಲ್ಲಿರಲಿಲ್ಲ. ಆದ್ದರಿಂದ ಆರೇಳು ತಿಂಗಳ ಸಿದ್ಧತೆಯಲ್ಲಿ ನನಗೆ ಖಚಿತವಾದ ಒಂದು ಅಭಿಪ್ರಾಯವನ್ನು, ನಮ್ಮಂತೆಯೇ ಮೊದಲ ಬಾರಿ ಹೊರಡುವವರಿಗಾಗಿ ಬರೆದಿಡುತ್ತಿದ್ದೇನೆ. ಸಮಯ ಕಡಿಮೆಯಿದ್ದಷ್ಟೂ ಊರುಗಳನ್ನು ಕಡಿಮೆ ಮಾಡಬೇಕು, ಹೆಚ್ಚು ಮಾಡಬಾರದು.

ಯಜಮಾನರು ಮೊದಲು ಬರೆದ ಪಟ್ಟಿಯಲ್ಲಿ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಜೂರಿಕ್, ಮಿಲಾನ್, ವೆನಿಸ್ ಮತ್ತು ರೋಮ್ ಇದ್ದವು. ಅಷ್ಟು ದೂರ, ಅಷ್ಟು ಹಣ ಖರ್ಚು ಮಾಡಿ ಹೋಗುವುದಾದರೆ ಸಾಧ್ಯವಾದದ್ದನ್ನೆಲ್ಲ ನೋಡಿಯೇ ಬರಬೇಕು, ಇನ್ನೊಮ್ಮೆ ಹೋಗುತ್ತೇವೆಂಬ ಭರವಸೆ ಯಾರಿಗಿದೆ ಎಂಬುದು ಅವರ ವಾದವಾಗಿತ್ತು. ಮನೆಗೆ ಬಂದುಹೋದ ನೆಂಟರಲ್ಲಿ ಹೆಚ್ಚಿನವರೂ ಅದನ್ನೇ ಹೇಳಿದರು. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಉಳಿಸಿದ್ದನ್ನೂ ಸಂಬಳದಲ್ಲಿ ತೆಗೆದಿಟ್ಟದ್ದನ್ನೂ ಕೂಡಿಸಿ ಹೊರಡುವ ಕುಟುಂಬಕ್ಕೆ ಪ್ರತಿಯೊಂದು ಊರನ್ನು ಬಿಡುವುದೂ ನಷ್ಟವೆಂದೇ ಕಾಣುತ್ತದೆ. ಆದರೂ ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ದಿನಗಳ ಬದಲು ರಾತ್ರಿಗಳನ್ನು ಎಣಿಸತೊಡಗಿದಾಗ ನನಗೆ ಬೇರೆಯೇ ಚಿತ್ರ ಕಂಡಿತು.

ಯಜಮಾನರಿಗೆ ಬ್ಯಾಂಕಿನಲ್ಲಿ ಒಟ್ಟಿಗೆ ಸಿಗುವುದು ಎಂಟು ದಿನಗಳ ರಜೆ. ನಡುವಿನ ಎರಡು ಶನಿವಾರ ಮತ್ತು ಭಾನುವಾರಗಳನ್ನು ಸೇರಿಸಿಕೊಂಡರೆ ಶುಕ್ರವಾರ ಹೊರಟು ಮುಂದಿನ ವಾರ ದಾಟಿ ಮಂಗಳವಾರ ಮನೆ ಸೇರುವವರೆಗೆ 12 ದಿನಗಳಾಗುತ್ತವೆ. ಈ 12ರಲ್ಲಿ ಮೊದಲ ದಿನ ಕಾಸರಗೋಡಿನಿಂದ ಕೊಚ್ಚಿಗೆ ರೈಲಿನಲ್ಲಿ ಹೋಗುವುದಕ್ಕೂ ರಾತ್ರಿಯ ವಿಮಾನಕ್ಕೂ ಮುಗಿಯುತ್ತದೆ. ಕೊನೆಯ ಎರಡು ದಿನಗಳು ಮರಳುವ ದಾರಿಯಲ್ಲಿ ಕಳೆಯುತ್ತವೆ. ಅಲ್ಲಿ ಮಲಗಿ ಏಳಲು ನಮಗೆ ಸಿಗುವುದು 9 ರಾತ್ರಿಗಳು ಮಾತ್ರ. ಏಳು ಊರುಗಳೆಂದರೆ ಆರು ಸಲ ಬಿಡಾರ ಬದಲಿಸಬೇಕು. ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ತಲುಪುತ್ತದೆಂಬುದು ನಿಜ, ಆದರೆ ಬಟ್ಟೆಬರೆ ಕಟ್ಟಿ, ಬೆಳಗ್ಗೆ ಹತ್ತು ಹನ್ನೊಂದರೊಳಗೆ ಕೋಣೆ ಬಿಟ್ಟು, ನಿಲ್ದಾಣ ಸೇರಿ, ರೈಲಿಳಿದು, ಹೊಸ ಊರಿನ ವಿಳಾಸ ಹುಡುಕಿ, ಮಧ್ಯಾಹ್ನ ಎರಡೋ ಮೂರೋ ಗಂಟೆಯ ಮೊದಲು ಕೋಣೆ ಸಿಗದೆ ಪೆಟ್ಟಿಗೆಗಳ ಜೊತೆ ಕಾಯುವುದನ್ನೆಲ್ಲ ಸೇರಿಸಿದರೆ ಪ್ರತಿ ಬದಲಾವಣೆಗೂ ಅರ್ಧ ದಿನ ಹೋಗುತ್ತದೆ. ಆರು ಬದಲಾವಣೆಗಳಿಗೆ ಮೂರು ದಿನ. ನಾವು ಹಣ ತೆತ್ತು ಪಡೆದ ಎಂಟೊಂಬತ್ತು ಹಗಲುಗಳಲ್ಲಿ ಮೂರನ್ನು ರೈಲು ನಿಲ್ದಾಣಗಳಲ್ಲಿ ಕಳೆಯುವುದನ್ನು ಹೆಚ್ಚು ನೋಡಿದಂತೆ ಎಂದು ಹೇಗೆ ಕರೆಯಲಿ?

ಇದು ನನಗೆ ಬೇಗ ಅರ್ಥವಾದದ್ದು ಆತಿಥೇಯಳಾಗಿ ಕಂಡ ಅನುಭವದಿಂದ. ಬೆಂಗಳೂರಿನ ಬಂಧುಗಳು ಎರಡು ದಿನಕ್ಕೆಂದು ಬಂದು ಬೆಳಗ್ಗೆ ಮಧೂರು, ಮಧ್ಯಾಹ್ನದೊಳಗೆ ಅನಂತಪುರದ ಸರೋವರ ದೇವಸ್ಥಾನ, ಸಂಜೆ ಬೇಕಲ ಕೋಟೆ, ಮರುದಿನ ರಾಣಿಪುರ ಎಂದು ಓಡುತ್ತಾರೆ. ಮಧೂರಿನಲ್ಲಿ ಗರ್ಭಗುಡಿಯ ಸುತ್ತಿನ ಮರದ ಕೆತ್ತನೆಯನ್ನು ತಲೆಯೆತ್ತಿ ನೋಡಲು ಅವರಿಗೆ ಸಮಯವಿರುವುದಿಲ್ಲ. ಬೇಕಲದಲ್ಲಿ ಸೂರ್ಯ ಮುಳುಗುವ ಮೊದಲೇ ಊಟಕ್ಕೆ ತಡವಾಯಿತೆಂದು ಏಳುತ್ತಾರೆ. ನನ್ನ ಊರನ್ನು ಹಾಗೆ ನೋಡಿದವರು ನೋಡಿಲ್ಲವೆಂದು ನನಗೆ ಪ್ರತಿ ಸಲವೂ ಬೇಸರವಾಗಿದೆ. ಇನ್ನೊಬ್ಬರ ಊರಿಗೆ ನಾನು ಹೋಗುವಾಗ ಅದನ್ನೇ ಮಾಡಬಾರದು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳುವುದು? ನಾಲ್ವರೂ ಒಂದು ರಾತ್ರಿ ಊಟವಾದ ಮೇಲೆ ಕುಳಿತು, ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೇ ಜಾಗವನ್ನು ಕಾರಣಸಹಿತ ಹೇಳಬೇಕೆಂದು ನಿಯಮ ಮಾಡಿಕೊಂಡೆವು. ಇನ್ಯಾರದೋ ಫೋಟೋ ನೋಡಿ ಹುಟ್ಟಿದ ಆಸೆ ಕಾರಣ ಕೇಳಿದೊಡನೆ ಹಿಂದೆ ಸರಿಯುತ್ತದೆಂಬುದನ್ನು ನಾನು ಅಂದು ಕಂಡೆ. ಬ್ರಸೆಲ್ಸನ್ನಾಗಲಿ ಮಿಲಾನನ್ನಾಗಲಿ ಯಾರೂ ಕೇಳಲಿಲ್ಲ. ಮಗಳು ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯಲ್ಲಿ ಹೂತುಹೋದ ಪಾಂಪೇ ಬೇಕೆಂದಳು. ಅಮ್ಮ, ಹಳೆಯ ಕ್ಯಾಲೆಂಡರಿನಲ್ಲಿ ಕಂಡಿದ್ದ ನೀರಿನ ಮೇಲಿನ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದರು. ನಾನು ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ; ಫ್ಲಾರೆನ್ಸಿನ ಮೆಡಿಚಿ ಮನೆತನವನ್ನೂ ಶಿಲ್ಪಿ ಮೈಕೆಲ್ಯಾಂಜೆಲೋವನ್ನೂ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದಕ್ಕೆ ಲೆಕ್ಕವಿಲ್ಲ. 1501ರಿಂದ 1504ರವರೆಗೆ ಅವನು ಆ ಊರಿನಲ್ಲಿ ಕಡೆದ ಡೇವಿಡ್‌ನ ಮುಂದೆ ಒಮ್ಮೆ ನಿಲ್ಲಬೇಕೆಂಬ ನನ್ನ ಆಸೆ ಹಳೆಯದು.

ಪಾಂಪೇಗೆ ದಾರಿಯಾದ ರೋಮಿಗೆ ನನ್ನಲ್ಲಿ ಇನ್ನೊಂದು ಕಾರಣವೂ ಇತ್ತು. ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿರುವ ಕರಿಮೆಣಸು ಎರಡು ಸಾವಿರ ವರ್ಷಗಳ ಹಿಂದೆ ಇದೇ ಪಶ್ಚಿಮ ಕರಾವಳಿಯಿಂದ ಹಡಗೇರಿ ಆ ನಗರಕ್ಕೆ ಹೋಗುತ್ತಿತ್ತು. ಬರಿಯ ಖಾರಕ್ಕಾಗಿ ಜನ ಅದನ್ನು ಬೆಳ್ಳಿ ಬಂಗಾರದಂತೆ ತೂಗಿ ಕೊಳ್ಳುತ್ತಾರೆಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಆಕ್ಷೇಪಿಸಿದ್ದಾನೆ. ಡೊಮಿಷಿಯನ್ ಚಕ್ರವರ್ತಿಯ ಕಾಲದ ಮೆಣಸಿನ ಉಗ್ರಾಣಗಳ ಅವಶೇಷ ರೋಮಿನ ಫೋರಮ್ಮಿನ, ಅಂದರೆ ಹಳೆಯ ನಗರದ ಸಾರ್ವಜನಿಕ ಚೌಕದ, ಬದಿಯಲ್ಲಿ, ಮ್ಯಾಕ್ಸೆಂಟಿಯಸ್‌ನ ಬಸಿಲಿಕವೆಂಬ ಸಭಾಭವನದ ಅಡಿಯಲ್ಲಿದೆ. ಮೆಣಸು ಕೊಯ್ದು ಒಣಗಿಸಿ ಬೆಳೆದ ನನಗೆ ಆ ಜಾಗದಲ್ಲಿ ನಿಲ್ಲುವುದು ಕೊಲೊಸಿಯಮ್ಮನ್ನು ನೋಡುವುದಕ್ಕಿಂತ ಹೆಚ್ಚಿನದು.

ಯಜಮಾನರು ಕೇಳಿದ್ದು ಸ್ವಿಟ್ಜರ್‌ಲೆಂಡಿನ ಹಿಮದ ಬೆಟ್ಟ. ಅದೊಂದೇ ಈ ದಾರಿಗೆ ಹೊಂದಲಿಲ್ಲ. ಅವರು ಬಿಟ್ಟುಕೊಟ್ಟರು, ನನಗೆ ಅದರಲ್ಲಿ ನೋವಿದೆ. ಆದರೂ ಒಂದು ರಾತ್ರಿಗೆಂದು ಅಲ್ಲಿಗೆ ಹೋಗಿ, ಮೋಡ ಮುಸುಕಿದ ದಿನವೇ ಸಿಕ್ಕಿ ಮರಳುವುದಕ್ಕಿಂತ ಅದನ್ನೇ ಗುರಿಯಾಗಿಸಿ ಇನ್ನೊಮ್ಮೆ ಹೋಗುವುದು ಒಳ್ಳೆಯದೆಂದು ಅವರೂ ಒಪ್ಪಿದರು.

ಹೀಗೆ ರೋಮಿನಲ್ಲಿ 4 ರಾತ್ರಿ, ಫ್ಲಾರೆನ್ಸಿನಲ್ಲಿ 3, ವೆನಿಸಿನಲ್ಲಿ 2 ಎಂದಾಯಿತು. ಊರುಗಳ ಅನುಕ್ರಮವನ್ನು ನಿರ್ಧರಿಸಿದ್ದು ವಾರದ ದಿನಗಳು. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತವೆ. ಫ್ಲಾರೆನ್ಸಿನ ಉಫೀಝಿ ಗ್ಯಾಲರಿಗೂ ಡೇವಿಡ್ ಇರುವ ಅಕಾಡೆಮಿಯಾಕ್ಕೂ ಸೋಮವಾರ ರಜೆ. ಪ್ಯಾರಿಸಿನ ಲೂವ್ರ್ ಮಂಗಳವಾರ ತೆರೆಯುವುದಿಲ್ಲವೆಂಬುದೂ ಹುಡುಕುವಾಗ ತಿಳಿಯಿತು. ಶನಿವಾರ ರೋಮಿನಲ್ಲಿಳಿದರೆ ಭಾನುವಾರ ಕೊಲೊಸಿಯಮ್ ಮತ್ತು ಫೋರಮ್, ಸೋಮವಾರ ವ್ಯಾಟಿಕನ್, ಬುಧವಾರ ಫ್ಲಾರೆನ್ಸಿಗೆ ಪ್ರಯಾಣ ಎಂದು ಸುಲಭವಾಗಿ ಕೂಡಿಬರುತ್ತದೆ. ಇದೇ ಪ್ರಯಾಣವನ್ನು ವೆನಿಸಿನಿಂದ ಆರಂಭಿಸಿ ತಿರುಗಿಸಿದ್ದರೆ ಫ್ಲಾರೆನ್ಸಿನ ಒಂದು ದಿನ ಸೋಮವಾರಕ್ಕೆ ಬೀಳುತ್ತಿತ್ತು. ಏಪ್ರಿಲ್ 25 ಇಟಲಿಯ ವಿಮೋಚನೆಯ ದಿನ, ಅಂದೇ ವೆನಿಸಿನ ಸಂತ ಮಾರ್ಕನ ಹಬ್ಬ. ಮೇ 1ಕ್ಕೆ ಕಾರ್ಮಿಕ ದಿನ. ಈ ರಜಾದಿನಗಳನ್ನು ತಪ್ಪಿಸಬೇಕಿತ್ತು. ಅದೂ ಅಲ್ಲದೆ ಏಪ್ರಿಲಿನಲ್ಲಿ ನನಗೆ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಕೆಲಸವಿರುತ್ತದೆ. ಪುತ್ತೂರಿನಲ್ಲಿರುವ ತಂಗಿಯ ಕುಟುಂಬ ದಸರಾ ರಜೆಗೆ ಒಟ್ಟಿಗೆ ಹೋಗೋಣವೆಂದಿತ್ತು, ಆದರೆ ಗಡಿಯ ಈಚೆಗೆ ನಮಗೆ ದೀರ್ಘ ರಜೆ ಸಿಗುವುದು ಓಣಂಗೆ. ಕೊನೆಗೆ ಮೇ ಎರಡನೆಯ ವಾರವೇ ಸರಿಯೆನಿಸಿತು. ಆಗ ರೋಮಿನಲ್ಲಿ ಸಂಜೆ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ನಡುಮಧ್ಯಾಹ್ನ ಎರಡು ಗಂಟೆ ಅಮ್ಮ ಮಲಗಿ ಎದ್ದರೂ ದಿನ ಉಳಿದಿರುತ್ತದೆ.

ವಿಮಾನದ ಟಿಕೆಟಿನ ವಿಷಯದಲ್ಲಿ ನಾವು ತಪ್ಪು ಮಾಡುವುದರಲ್ಲಿದ್ದೆವು. ಮಂಗಳೂರಿನಿಂದ ಕೊಲ್ಲಿಗೆ ಒಂದು ಟಿಕೆಟು, ಅಲ್ಲಿಂದ ರೋಮಿಗೆ ಬೇರೆ ಕಂಪೆನಿಯ ಇನ್ನೊಂದು ಟಿಕೆಟು ತೆಗೆದುಕೊಂಡರೆ ಅಗ್ಗವಾಗುತ್ತಿತ್ತು, ಮನೆಗೂ ಹತ್ತಿರ. ಆದರೆ ಬೇರೆ ಬೇರೆ ಟಿಕೆಟುಗಳಾದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಾಗುವುದಿಲ್ಲ. ನಡುವೆ ಸಾಮಾನನ್ನು ಹೊರಗೆ ತೆಗೆದು ಮತ್ತೆ ಕೊಡಬೇಕಾಗಿ ಬಂದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಆದ್ದರಿಂದ ಕೊಚ್ಚಿಯಿಂದ ಒಂದೇ ಟಿಕೆಟಿನಲ್ಲಿ ಹೋಗುತ್ತೇವೆ. ಇಳಿಯುವುದು ರೋಮಿನಲ್ಲಿ, ಮರಳಿ ಹತ್ತುವುದು ವೆನಿಸಿನಲ್ಲಿ. ಹೋದ ಊರಿನಿಂದಲೇ ಮರಳಬೇಕೆಂಬ ನಿಯಮವೇನೂ ಇಲ್ಲ, ಬೆಲೆಯಲ್ಲೂ ನಮಗೆ ಹೆಚ್ಚು ವ್ಯತ್ಯಾಸ ಬರಲಿಲ್ಲ. ವೆನಿಸಿನಿಂದ ರೋಮಿಗೆ ಹಿಂದೆ ಬರುವ ನಾಲ್ಕು ಗಂಟೆಯ ರೈಲು ಪ್ರಯಾಣ ಇದರಿಂದ ಉಳಿಯಿತು.

ಇಷ್ಟೆಲ್ಲಕ್ಕೂ ಮೊದಲು ನೋಡಿಕೊಳ್ಳಬೇಕಾದದ್ದು ಪಾಸ್‌ಪೋರ್ಟ್. ಗಡಿನಾಡಿನ ಕನ್ನಡಿಗರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ನಮ್ಮ ಹಿರಿಯರ ಹೆಸರುಗಳು ಶಾಲೆಯ ದಾಖಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಆಮೇಲೆ ಬೇರೆ ದಾಖಲೆಗಳಲ್ಲಿ ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗಿ ರೂಪ ಬದಲಿಸಿರುತ್ತವೆ. ಅಮ್ಮನ ಹೆಸರು ಮೂರು ದಾಖಲೆಗಳಲ್ಲಿ ಮೂರು ರೀತಿಯಾಗಿತ್ತು, ಮನೆಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅದನ್ನು ಸರಿಪಡಿಸಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಎರಡು ತಿಂಗಳು ಹಿಡಿಯಿತು; ತನ್ನದಲ್ಲದ ತಪ್ಪಿಗೆ ಈ ವಯಸ್ಸಿನಲ್ಲಿ ಅಮ್ಮ ಸರತಿಯಲ್ಲಿ ನಿಂತದ್ದನ್ನು ನಾನು ಮರೆಯಲಾರೆ.

ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ನಿಯಮಗಳು ಅದಕ್ಕಿಂತ ಸ್ಪಷ್ಟವಾಗಿವೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ಹಲವು ದೇಶಗಳಿಗೆ ಹೋಗುವವರು ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. 2024ರ ಜೂನಿನಿಂದ ವಯಸ್ಕರಿಗೆ ಶುಲ್ಕ 90 ಯೂರೋ, 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ, ಪಾಸ್‌ಪೋರ್ಟಿಗೆ ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳ ಅವಧಿ ಉಳಿದಿರಬೇಕು. ಬೆರಳಚ್ಚು ಕೊಡಲು ಸ್ವತಃ ಹೋಗಬೇಕಾದ್ದರಿಂದ ಅದಕ್ಕೂ ಒಂದು ರಜೆ ತೆಗೆದಿರಿಸಬೇಕು. ಮಲಯಾಳದಲ್ಲಿದ್ದ ತೀರ್ವೆ (ಭೂಕಂದಾಯ) ರಶೀದಿಗಳನ್ನು ನಾವು ಇಂಗ್ಲಿಷಿಗೆ ಅನುವಾದ ಮಾಡಿಸಿ ಕೊಟ್ಟೆವು. ವೀಸಾ ಕೈಸೇರುವವರೆಗೆ ರದ್ದು ಮಾಡಬಹುದಾದ ವಸತಿಗಳನ್ನಷ್ಟೇ ಕಾಯ್ದಿರಿಸಿದೆವು.

ವಸತಿ ಆರಿಸುವಾಗ ನಾನು ನೋಡಿದ್ದು ಅಮ್ಮನ ಮೊಣಕಾಲನ್ನು. ವೆನಿಸಿನಲ್ಲಿ ಕಾರಿಲ್ಲ, ಆಟೋರಿಕ್ಷಾ ಇಲ್ಲ. ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳನ್ನು ನಾನೂರಕ್ಕೂ ಮಿಕ್ಕ ಸೇತುವೆಗಳು ಜೋಡಿಸುತ್ತವೆ, ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲುಗಳಿವೆ. ಸ್ವಲ್ಪ ದುಬಾರಿಯಾದರೂ ರೈಲು ನಿಲ್ದಾಣದಿಂದ ಸೇತುವೆ ಹತ್ತದೆ ತಲುಪಬಹುದಾದ ಮನೆಯನ್ನೇ ಹಿಡಿದೆವು. ನಿಲ್ದಾಣದ ಎದುರಿನಲ್ಲೇ ದೋಣಿ ಬಸ್ಸು ಸಿಗುತ್ತದೆ. ಒಂದೇ ದಿನದಲ್ಲಿ ಬಂದುಹೋಗುವವರಿಗೆ 2024ರಿಂದ ಕೆಲವು ದಿನಗಳಲ್ಲಿ ಆ ನಗರ ಪ್ರವೇಶ ಶುಲ್ಕ ವಿಧಿಸುತ್ತಿದೆ, ರಾತ್ರಿ ಉಳಿಯುವವರಿಗೆ ಅದರಿಂದ ವಿನಾಯಿತಿ ಇದೆ. ಹಗಲಿನ ಜನಜಂಗುಳಿ ಹೊರಟುಹೋದ ಮೇಲಿನ ವೆನಿಸನ್ನು ಅಮ್ಮ ನೋಡಬೇಕೆಂಬುದೇ ಅಲ್ಲಿ ಎರಡು ರಾತ್ರಿ ಇರುವುದಕ್ಕೆ ಕಾರಣ. ಮೂರು ಕಡೆಯೂ ಅಡುಗೆಕೋಣೆ ಇರುವ ಮನೆಗಳನ್ನೇ ತೆಗೆದುಕೊಂಡಿದ್ದೇವೆ. ಸಂಜೆ ಒಂದು ತಟ್ಟೆ ಗಂಜಿ ಸಿಕ್ಕಿದರೆ ಅಮ್ಮ ಮರುದಿನ ಎಷ್ಟು ಬೇಕಾದರೂ ನಡೆಯುತ್ತಾರೆ. ಯುರೋಪಿನ ಒಕ್ಕೂಟದೊಳಗೆ ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲವಾದ್ದರಿಂದ ಊರಿನ ತುಪ್ಪವನ್ನು ಮಾತ್ರ ಇಲ್ಲಿಯೇ ಬಿಡಬೇಕು.

ಉಳಿದದ್ದು ಪಾಂಪೇ. ರೋಮಿನಿಂದ ನೇಪಲ್ಸಿಗೆ ವೇಗದ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು, ಅಲ್ಲಿಂದ ಇನ್ನೊಂದು ರೈಲು, ಆಮೇಲೆ ಬಿಸಿಲಿನಲ್ಲಿ ಕಲ್ಲುಹಾಸಿನ ಬೀದಿಗಳ ನಡಿಗೆ. ಅಮ್ಮನಿಂದ ಅದು ಆಗದು. ಅಮ್ಮನಿಗಾಗಿ ಮಗಳಿಗೆ ತಪ್ಪಿಸುವುದೂ ಸರಿಯಲ್ಲ. ಕುಟುಂಬವೆಂದರೆ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟವನ್ನು ನಾವು ಇಲ್ಲಿ ಬಿಟ್ಟೆವು. ಮಂಗಳವಾರ ಬೆಳಗ್ಗೆ ಅಪ್ಪ ಮಗಳು ಪಾಂಪೇಗೆ ಹೋಗುತ್ತಾರೆ. ಅಮ್ಮ ಮತ್ತು ನಾನು ಪ್ರಾಚೀನ ರೋಮನ್ ದೇಗುಲವಾದ ಪ್ಯಾಂಥಿಯಾನಿಗೆ ಹೋಗಿ, 43 ಮೀಟರ್ ಎತ್ತರದ ಆ ಗುಮ್ಮಟದ ನಡುವಿನ ಬಾಯಿಯಿಂದ ಇಳಿಯುವ ಬಿಸಿಲು ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕೂರುತ್ತೇವೆ. ಫ್ಲಾರೆನ್ಸಿನ ಶುಕ್ರವಾರವನ್ನು ಯಾವ ಟಿಕೆಟೂ ತೆಗೆಯದೆ ಖಾಲಿ ಬಿಟ್ಟಿದ್ದೇನೆ; ಯಜಮಾನರು ಅದಕ್ಕೆ ವಾಲುಗೋಪುರದ ಊರಾದ ಪೀಸಾ ಎಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ, ನಾನು ಇನ್ನೂ ಒಪ್ಪಿಲ್ಲ. ಈಗ ಮೈದುನನಿಗೆ ತೋಟದ ಸ್ಪ್ರಿಂಕ್ಲರ್ ಯಾವ ದಿನ ಯಾವ ಕಡೆಗೆ ತಿರುಗಿಸಬೇಕೆಂದು ಬರೆದುಕೊಡುವ ಕೆಲಸ ಬಾಕಿಯಿದೆ, ಮೇ ತಿಂಗಳಲ್ಲಿ ಎಳೆಯ ಗಿಡಗಳಿಗೆ ಒಂದು ದಿನ ನೀರು ತಪ್ಪುವಂತಿಲ್ಲ.